ಎಡಕ್ಕೆ ಸರಿದ ವಿಂಡೋ

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಹರಿಣಾಕ್ಷಿ ತಟ್ಟೆಯಲ್ಲಿದ್ದ ದೋಸೆ ತಿಂದು ಮುಗಿಸಿ, "ಇನ್ನೊಂದು ಹಾಕಿ" ಎಂದಳು. ಗಂಡ ಧನರಾಜ್ ಚಟ್ನಿಯ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತ.

"ತಟ್ಟೆಯಲ್ಲೇ ಉಂಟಲ್ಲ ಮಾರಾಯ್ತಿ."

ಅವಳು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದಳು. ಹೌದು, ಇನ್ನೊಂದು ದೋಸೆ ಅಲ್ಲೇ ಇತ್ತು. ಈಗಷ್ಟೇ ಯಾರೋ ತಂದಿಟ್ಟು ಹೋದ ಹಾಗೆ.

ಮಂಗಳೂರಿನ ಡಾಕ್ಟರು ಎಲ್ಲವನ್ನೂ ವಿವರಿಸಿಯೇ ಕಳಿಸಿದ್ದರು. ಮಿದುಳಿನ ಹಿಂಭಾಗದ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು, ನೋಟದ ಕೆಲಸ ಮಾಡುವ ಜಾಗಕ್ಕೆ ಪೆಟ್ಟಾಗಿದೆ. ಕೈಕಾಲಿಗೆ ಏನೂ ಆಗಿಲ್ಲ, ಮಾತಿಗೆ ತೊಂದರೆಯಿಲ್ಲ, ಕಣ್ಣುಗಳೂ ಸರಿಯಾಗಿಯೇ ಇವೆ. ಆದರೆ ಎರಡೂ ಕಣ್ಣುಗಳಿಗೆ ಎಡಗಡೆಯ ಅರ್ಧ ಕಾಣುವುದಿಲ್ಲ. ಅದು ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು.

ಹರಿಣಾಕ್ಷಿ ಕಾಸರಗೋಡಿನ ಸೀತಾಂಗೋಳಿಯ ಹತ್ತಿರದ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಅಧ್ಯಾಪಿಕೆ. ಬಿಡುವಿನಲ್ಲಿ ಮಲಯಾಳದಿಂದ ಕನ್ನಡಕ್ಕೆ ಮಕ್ಕಳ ವಿಜ್ಞಾನ ಪುಸ್ತಕಗಳನ್ನು ಅನುವಾದ ಮಾಡುತ್ತಿದ್ದಳು. ಕಾಯಿಲೆ ಬೀಳುವಾಗ ಅವಳ ಕೈಯಲ್ಲಿ ಇದ್ದದ್ದು ಮುರಕಲ್ಲಿನ ಪಾರೆಗಳ, ಎಂದರೆ ಕೆಂಪು ಬಂಡೆಯ ಬಯಲುಗಳ ಮೇಲೆ ಬೆಳೆಯುವ ಸಣ್ಣ ಗಿಡಗಳ ಬಗ್ಗೆ ಬರೆದ ಒಂದು ಪುಸ್ತಕ. ಮಳೆ ಶುರುವಾದ ಮೇಲೆ ಬರಿಯ ಕಲ್ಲಿನ ಮೇಲೆ ಎಷ್ಟೊಂದು ಬಗೆಯ ಹೂವು ಬರುತ್ತದೆ ಎಂಬುದು ಅದರ ವಿಷಯ. ಶಾಲೆಗೆ ರಜೆ ಹಾಕಿದ್ದರಿಂದ ಸಮಯಕ್ಕೇನೂ ಕೊರತೆಯಿರಲಿಲ್ಲ. ಧನರಾಜ್ ಸೀತಾಂಗೋಳಿಯ ತನ್ನ ಮೋಟಾರು ವೈಂಡಿಂಗ್ ಅಂಗಡಿಗೆ ಹೋದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಕೂತಳು.

ಆಗ ಶುರುವಾಯಿತು ವಿಚಿತ್ರ. ಮೂಲ ಪುಸ್ತಕದ ಫೈಲು ತೆರೆಯುತ್ತಾಳೆ, ಎರಡು ಸಾಲು ಓದುತ್ತಾಳೆ, ಕನ್ನಡದ ಫೈಲಿಗೆ ಬಂದು ಬರೆಯುತ್ತಾಳೆ, ತಿರುಗಿ ನೋಡಿದರೆ ಮೂಲ ಇಲ್ಲ. ಮತ್ತೆ ತೆರೆಯುತ್ತಾಳೆ. ಮತ್ತೆ ಮಾಯ. ಸಾಲುಗಳೂ ಹಾಗೆಯೇ. ಒಂದು ಸಾಲು ಮುಗಿದು ಕೆಳಗಿನ ಸಾಲಿಗೆ ಬಂದರೆ ಅರ್ಥವೇ ಕೂಡುವುದಿಲ್ಲ. ಲೇಖಕರು ಇಷ್ಟು ಕೆಟ್ಟದಾಗಿ ಬರೆಯುವವರಲ್ಲವಲ್ಲ ಎಂದು ಅವಳಿಗೆ ಅನುಮಾನ ಬಂತು.

ಆ ವಾರ ಶಾಲೆ ಬಿಟ್ಟ ಮೇಲೆ ಒಂದು ಸಂಜೆ ನಿಶ್ಮಿತಾ ನೋಡಲು ಬಂದಳು. ಹರಿಣಾಕ್ಷಿಯ ಶಿಷ್ಯೆಯಾಗಿದ್ದವಳು, ಈಗ ಅದೇ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಚಹಾ ಕುಡಿಯುತ್ತಾ ಲ್ಯಾಪ್‌ಟಾಪಿನತ್ತ ಬಗ್ಗಿದವಳು ಲೋಟ ಕೆಳಗಿಟ್ಟಳು.

"ಟೀಚರ್, ಈ ಪುಸ್ತಕವನ್ನು ಎಷ್ಟು ಸಲ ತೆರೆದಿದ್ದೀರಿ?"

"ಅದೇ ಸಮಸ್ಯೆ ನೋಡು. ತೆರೆದ್ರೆ ನಿಲ್ಲುವುದಿಲ್ಲ. ಹೋಗ್ತದೆ."

"ಎಲ್ಲಿಗೂ ಹೋಗ್ಲಿಲ್ಲ. ಎಲ್ಲ ಎಡಗಡೆ ಒಂದರ ಮೇಲೊಂದು ಕೂತಿವೆ. ರಾಶಿ ಉಂಟು!"

ಹರಿಣಾಕ್ಷಿ ಮುಖ ತಿರುಗಿಸಿ ನೋಡಿದಳು. ಪರದೆಯ ಎಡಭಾಗದಲ್ಲಿ ಒಂದೇ ಪುಸ್ತಕದ ಒಂದೇ ಪುಟ, ಹಿಂದೆ ಹಿಂದೆ ಇಣುಕುತ್ತಾ ಸಾಲಾಗಿ ನಿಂತಿತ್ತು. ಆಸ್ಪತ್ರೆಗೆ ಸೇರಿದ ದಿನದಿಂದ ನಗದಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ.

ನಿಶ್ಮಿತಾ ನಗಲಿಲ್ಲ, ಯೋಚಿಸಿದಳು. "ನನ್ನ ಲ್ಯಾಪ್‌ಟಾಪಿನಲ್ಲಿ ಬೇರೆಯೇ ಒಂದು ಕ್ರಮ ಉಂಟು ಟೀಚರ್. ಅದನ್ನು ಇದಕ್ಕೆ ಹಾಕಿ ನೋಡುವನಾ?"

ಕೇರಳದ ಶಾಲೆಗಳಲ್ಲಿ ಕಲಿಸುವವರಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಹೊಸತಲ್ಲ. ಆದರೆ ನಿಶ್ಮಿತಾ ಹಾಕಿಕೊಟ್ಟದ್ದು ಹರಿಣಾಕ್ಷಿ ಕಂಡು ಕೇಳಿರದ ವ್ಯವಸ್ಥೆ. ಅದರಲ್ಲಿ ತೆರೆದ ಫೈಲುಗಳ ವಿಂಡೋಗಳು ಒಂದರ ಮೇಲೊಂದು ಬೀಳುವುದಿಲ್ಲ. ಒಂದರ ಪಕ್ಕ ಒಂದು, ಉದ್ದಕ್ಕೆ ಸಾಲಾಗಿ ನಿಲ್ಲುತ್ತವೆ. ಪರದೆಗಿಂತ ಸಾಲು ಉದ್ದವಾದರೆ ಉಳಿದವು ಆಚೆ ಈಚೆ ಹೊರಗಿರುತ್ತವೆ. ಕೀ ಒತ್ತಿದರೆ ಇಡೀ ಸಾಲು ಸರಿದು ಬೇಕಾದದ್ದು ಎದುರಿಗೆ ಬರುತ್ತದೆ.

"ಕಾಸರಗೋಡು ಸ್ಟೇಷನ್ನಿನಲ್ಲಿ ರೈಲು ಬಂದು ನಿಂತ ಹಾಗೆ" ಎಂದಳು ನಿಶ್ಮಿತಾ. "ನಿಮ್ಮ ಎದುರಿನ ಎರಡು ಬೋಗಿ ಮಾತ್ರ ನಿಮಗೆ ಕಾಣ್ತದೆ. ಉಳಿದದ್ದು ಇಲ್ಲ ಅಂತ ಅಲ್ಲ. ಹೊಸತು ಒಂದು ತೆರೆದ್ರೂ ಇದ್ದದ್ದು ಸಣ್ಣ ಆಗುವುದಿಲ್ಲ, ಪಕ್ಕಕ್ಕೆ ಸೇರ್ತದೆ ಅಷ್ಟೆ. ಅಗಲ ಎಷ್ಟು ಬೇಕು ಅಂತ ನೀವೇ ಹೇಳ್ಬೇಕು."

ಅಗಲ ಬದಲಿಸಲು ಬೇರೆ ಬೇರೆ ಕೀಗಳಿದ್ದವು. ಒಂದನ್ನು ಒತ್ತಿದರೆ ವಿಂಡೋ ಪರದೆಯ ಮೂರನೇ ಒಂದು ಭಾಗವಾಗುತ್ತದೆ, ಮತ್ತೆ ಒತ್ತಿದರೆ ಅರ್ಧ, ಮತ್ತೆ ಒತ್ತಿದರೆ ಮೂರನೇ ಎರಡು. ಸ್ವಲ್ಪ ಸ್ವಲ್ಪವೇ ಹಿಗ್ಗಿಸಲು, ಕುಗ್ಗಿಸಲು ಬೇರೆ ಎರಡು ಕೀ. ನಡುವಿಗೆ ತರಲು ಇನ್ನೊಂದು. ಉಳಿದದ್ದೆಲ್ಲ ಒಂದು ಫೈಲಿನಲ್ಲಿ ಬರೆದಿಡಬೇಕು, ಉಳಿಸಿದ ಕೂಡಲೇ ಪರದೆ ಬದಲಾಗುತ್ತದೆ. ಎಡಗಡೆ ಕಾಣದವರಿಗೆ ಎಡಗಡೆ ಯಾಕೆ ಎಂದು ನಿಶ್ಮಿತಾ ಆ ಫೈಲಿನಲ್ಲಿ ಎಡಭಾಗವನ್ನು ಖಾಲಿ ಬಿಡುವಂತೆ ಬರೆದಳು. ವಿಂಡೋಗಳೆಲ್ಲ ಬಲಕ್ಕೆ ಒತ್ತಿ ನಿಂತವು.

"ಈಗ ಎಲ್ಲ ನಿಮಗೆ ಕಾಣುವ ಕಡೆಗೇ ಉಂಟು" ಎಂದು ಖುಷಿಯಿಂದ ಹೊರಟು ಹೋದಳು.

ಆದರೆ ಹೆಚ್ಚೇನೂ ಸುಧಾರಿಸಲಿಲ್ಲ. ಫೈಲುಗಳು ಕಳೆದುಹೋಗುವುದು ನಿಂತಿತು, ನಿಜ. ಓದು ಮಾತ್ರ ಮೊದಲಿನಂತೆಯೇ ತಪ್ಪುತ್ತಿತ್ತು. ಎಲ್ಲವೂ ಬಲಗಡೆಯೇ ಇದ್ದರೂ ಸಾಲಿನ ಶುರು ಸಿಗುವುದಿಲ್ಲ. ಹರಿಣಾಕ್ಷಿಗೆ ಮೊದಲು ಸಿಟ್ಟು ಬಂತು, ಆಮೇಲೆ ಕುತೂಹಲ. ಕಾಣುವ ಕಡೆ ಇದ್ದದ್ದು ಕಾಣದಿರುವುದು ಹೇಗೆ? ಹಾಗಾದರೆ ಕಾಣದ ಕಡೆ ಎಂಬುದು ಎಲ್ಲಿಂದ ಶುರುವಾಗುತ್ತದೆ?

ಮಕ್ಕಳಿಗೆ ಪ್ರಯೋಗ ಮಾಡಿಸಿ ಅಭ್ಯಾಸವಿದ್ದವಳು. ಕನ್ನಡಿಗೆ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ತಂದು ಪರದೆಯ ನಟ್ಟನಡುವೆ ಅಂಟಿಸಿದಳು. ಹಿನ್ನೆಲೆಯನ್ನು ಕಪ್ಪು ಮಾಡಿ, ಎಡಗಡೆ ಖಾಲಿ ಬಿಟ್ಟದ್ದನ್ನು ತೆಗೆದು, ಏನೂ ಬರೆಯದ ಒಂದು ಬಿಳಿ ವಿಂಡೋವನ್ನು ಎಡಕ್ಕೆ ತಾಗಿಸಿ ತೆರೆದಳು. ಅದನ್ನು ಆದಷ್ಟು ಸಪೂರ ಮಾಡಿದಳು. ಆಮೇಲೆ ಬೊಟ್ಟಿನಿಂದ ಕಣ್ಣು ಕೀಳದೆ, ಹಿಗ್ಗಿಸುವ ಕೀಯನ್ನು ಒಂದೊಂದೇ ಸಲ ಒತ್ತುತ್ತಾ ಹೋದಳು.

ಏನೂ ಇಲ್ಲ. ಮತ್ತೊಮ್ಮೆ ಒತ್ತಿದಳು. ಏನೂ ಇಲ್ಲ. ಕೀ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡುವ ಆಸೆಯನ್ನು ತಡೆದುಕೊಂಡು ಒತ್ತುತ್ತಲೇ ಇದ್ದಳು. ಒಮ್ಮೆಲೇ ಬೊಟ್ಟಿನ ಒತ್ತಿಗೇ, ಗೋಡೆಯ ಬಿರುಕಿನಲ್ಲಿ ಬೆಳಕು ಬಿದ್ದ ಹಾಗೆ, ನೆಟ್ಟಗೆ ಒಂದು ಬಿಳಿ ಗೆರೆ ಬಂತು. ಮುಖ ತಿರುಗಿಸಿ ನೋಡಿದರೆ ಅರ್ಧ ಪರದೆ ಬೆಳ್ಳಗಾಗಿತ್ತು.

ಬೊಟ್ಟನ್ನು ಕಿತ್ತು ಬಲದ ಅಂಚಿಗೆ ಅಂಟಿಸಿದಳು. ಮತ್ತೆ ಸಪೂರದಿಂದ ಶುರು. ಈ ಸಲ ಬಿಳಿ ವಿಂಡೋ ಹೆಚ್ಚುಕಡಿಮೆ ಪರದೆಯನ್ನೆಲ್ಲ ನುಂಗಿ, ಆ ಬೊಟ್ಟಿನ ಬುಡಕ್ಕೆ ಬಂದ ಮೇಲೆಯೇ ಕಾಣಿಸಿದ್ದು. ಬೊಟ್ಟನ್ನು ಎಡದ ಅಂಚಿಗೆ ಹಾಕಿದಳು. ಹಿಗ್ಗಿಸಲು ಶುರು ಮಾಡಿದ ಕೂಡಲೇ ಕಂಡಿತು.

ಅವಳು ಕುರ್ಚಿಗೆ ಒರಗಿ ಕೂತಳು. ಕಾಣದ ಅರ್ಧ ಪರದೆಯಲ್ಲಿಲ್ಲ, ಅದು ತನ್ನ ನೋಟದ ಜೊತೆ ನಡೆಯುತ್ತಿದೆ. ಎಲ್ಲಿ ನೋಡಿದರೆ ಅಲ್ಲಿ ಅದರ ಎಡ ಇಲ್ಲ. ಮುಂದಿನ ಸಾಲಿನ ಶುರು ಯಾವಾಗಲೂ ಎಡದಲ್ಲೇ ಇರುವುದರಿಂದ, ಕಣ್ಣು ಅಲ್ಲಿಗೆ ಹೋಗುವ ಮೊದಲೇ ನಡುವಿನಲ್ಲೆಲ್ಲೋ ಇಳಿದು, ಅದನ್ನೇ ಶುರು ಎಂದುಕೊಳ್ಳುತ್ತಿದೆ. ಡಾಕ್ಟರು ಹೇಳಿದ್ದು ಇದನ್ನೇ ಇರಬೇಕು. ಆದರೆ ಅವರು ಹೇಳುವಾಗ ಅದು ತನ್ನ ಮೇಲೆ ಬಿದ್ದ ಒಂದು ಆಪತ್ತಾಗಿತ್ತು. ಈಗ ಅದಕ್ಕೊಂದು ಆಕಾರ ಬಂದಿತ್ತು.

ಅವಳು ನಿಶ್ಮಿತಾಳಿಗೆ ಫೋನ್ ಮಾಡಿದಳು. "ಎಡಗಡೆ ಖಾಲಿ ಬಿಟ್ಟದ್ದು ತೆಗೆದೆ. ಅದರಿಂದ ಪ್ರಯೋಜನ ಇಲ್ಲ. ವಿಂಡೋದ ಸುತ್ತ ದಪ್ಪದ ಗೆರೆ ಹಾಕ್ಲಿಕ್ಕೆ ಆಗ್ತದಾ? ಕೆಂಪಿನದ್ದು?"

"ಆಗ್ತದೆ. ಯಾಕೆ ಟೀಚರ್?"

"ಕಣ್ಣು ಎಡಕ್ಕೆ ಹೋಗುವಾಗ ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕೆಂಪು ಗೆರೆ ಕಾಣುವವರೆಗೆ ಹೋಗು ಅಂತ ಹೇಳಿಕೊಡ್ತೇನೆ."

ನಿಶ್ಮಿತಾ ಯಾವ ಪದ ಎಲ್ಲಿ ಬರೆಯಬೇಕೆಂದು ಫೋನಿನಲ್ಲೇ ಹೇಳಿದಳು. ಫೈಲು ಉಳಿಸಿದ ಕ್ಷಣ, ಕೆಲಸ ಮಾಡುತ್ತಿದ್ದ ವಿಂಡೋಗೆ ಕೆಂಪು ಚೌಕಟ್ಟು ಬಂತು. ಆಮೇಲಿನ ದಿನಗಳೆಲ್ಲ ಅಗಲದ ಹುಡುಕಾಟದಲ್ಲಿ ಹೋದವು. ಅಗಲ ಹೆಚ್ಚಾದರೆ ಕಣ್ಣು ದೂರ ಮರಳಬೇಕು, ದಾರಿಯಲ್ಲಿ ತಪ್ಪುತ್ತದೆ. ತೀರ ಕಡಿಮೆಯಾದರೆ ಕನ್ನಡದ ಉದ್ದದ ಪದಗಳು ಒಂದು ಸಾಲಿಗೆ ಎರಡೇ ಹಿಡಿಸಿ, ವಾಕ್ಯದ ಲಯವೇ ಸಿಗುವುದಿಲ್ಲ. ಮೂಲದ ಪುಟವನ್ನು ಕುಗ್ಗಿಸಿದರೆ ಮಲಯಾಳ ಅಕ್ಷರಗಳು ಇರುವೆಯಷ್ಟಾಗುತ್ತವೆ. ಕೊನೆಗೆ ಬರೆಯುವ ವಿಂಡೋ ಮೂರನೇ ಒಂದಕ್ಕಿಂತ ಕೊಂಚ ಅಗಲ, ಮೂಲದ್ದು ಅರ್ಧ ಎಂದು ನಿಂತಿತು.

ಮತ್ತೊಂದು ಸಂಗತಿ ಅವಳಿಗೆ ಸ್ನಾನ ಮಾಡುವಾಗ ಹೊಳೆಯಿತು. ಇಷ್ಟು ವರ್ಷ ಮೂಲವನ್ನು ಎಡಕ್ಕಿಟ್ಟು, ಅನುವಾದವನ್ನು ಬಲಕ್ಕಿಟ್ಟು ಬರೆದದ್ದು. ಎಲ್ಲರೂ ಹಾಗೆಯೇ ಇಡುವುದು. ಆದರೆ ಈಗ ಕನ್ನಡವನ್ನು ಎಡಕ್ಕಿಟ್ಟರೆ? ಕಣ್ಣು ಕನ್ನಡದ ಮೇಲಿದ್ದಾಗ, ಬಲಗಡೆಯಲ್ಲಿ ಮೂಲ ಇದೆ ಎಂಬುದು ಕಾಣುತ್ತಲೇ ಇರುತ್ತದೆ. ತಲೆ ಒರೆಸಿಕೊಳ್ಳದೆ ಬಂದು ಕೀ ಒತ್ತಿ ಎರಡನ್ನೂ ಅದಲುಬದಲು ಮಾಡಿದಳು. ನಿಘಂಟು ಮಾತ್ರ ಎಡಕ್ಕೆ, ಪರದೆಯ ಹೊರಗೆ. ಬೇಕೆಂದಾಗ ಕರೆದರಾಯಿತು.

ಮೊದಲ ಅಧ್ಯಾಯ ಮುಗಿದ ದಿನ ಅವಳು ಅದನ್ನು ಮನೋರಮಾಗೆ ಕಳಿಸಿದಳು. ಕಾಸರಗೋಡು ಪೇಟೆಯಲ್ಲಿ ಮಕ್ಕಳ ಪುಸ್ತಕ ತರುವ ಸಣ್ಣ ಬಳಗವೊಂದರ ಸಂಪಾದಕಿ ಅವರು. ಮಧ್ಯಾಹ್ನದೊಳಗೆ ಫೋನ್ ಬಂತು.

"ಹರಿಣಾಕ್ಷಿಯವರೇ, ಇದು ಯಾರು ಮಾಡಿದ್ದು?"

"ನಾನೇ. ಯಾಕೆ, ಸರಿ ಇಲ್ವಾ?"

ಮನೋರಮಾ ಸ್ವಲ್ಪ ತಡೆದರು. "ಸರಿ ಉಂಟು. ಆದ್ರೆ ನಿಮ್ಮ ಯಜಮಾನರು ಫೋನ್ ಮಾಡಿದ್ರಲ್ಲ? ನಿಮಗೆ ಇನ್ನು ಓದ್ಲಿಕ್ಕೆ ಆಗುವುದಿಲ್ಲ, ಬೇರೆಯವರಿಗೆ ಕೊಡಿ ಅಂದ್ರು. ನಾನು ಬೆಳ್ಳೂರಿನ ಕೃಷ್ಣಕುಮಾರರನ್ನು ಕೇಳಿದೆ. ಅವರು ಒಪ್ಪಿದ್ದಾರೆ. ಈಗ ಎಂತ ಮಾಡುವುದು?"

"ನಾಳೆ ಹೇಳ್ತೇನೆ" ಎಂದು ಹರಿಣಾಕ್ಷಿ ಫೋನ್ ಇಟ್ಟಳು. ಸಿಟ್ಟಿನಿಂದ ಲ್ಯಾಪ್‌ಟಾಪ್ ಮುಚ್ಚಿದಳು.

ಧನರಾಜ್ ಸಂಜೆ ಬಂದು ಕೈಕಾಲು ತೊಳೆಯುವವರೆಗೂ ಅವಳು ಕಾದಳು.

"ಮನೋರಮಾರಿಗೆ ನೀವು ಫೋನ್ ಮಾಡಿದ್ದು ಹೌದಾ?"

ಅವನು ಬೈರಾಸಿನಲ್ಲಿ ಮುಖ ಒರೆಸುತ್ತಲೇ ಇದ್ದ. "ಹೌದು."

"ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಮತ್ತೆ? ಕೆಲಸ ನನ್ನದಲ್ವಾ?"

"ನನಗೆ ಹೆದರಿಕೆ ಆಯ್ತು ಮಾರಾಯ್ತಿ!" ಅವನ ಸ್ವರ ಇದ್ದಕ್ಕಿದ್ದಂತೆ ಏರಿತು. "ಮೊನ್ನೆ ಸೀತಾಂಗೋಳಿಯಲ್ಲಿ ರಸ್ತೆ ದಾಟುವಾಗ ನಾನು ನಿನ್ನ ಕೈ ಹಿಡಿದು ಎಳೆದದ್ದು ನೆನಪುಂಟಾ?"

ನೆನಪಿತ್ತು. ಸುಮ್ಮನೆ ಎಳೆದನೆಂದು ಅವಳು ಆಗ ಬೈದಿದ್ದಳು.

"ನಾವು ರಸ್ತೆಯ ನಡುವಿಗೆ ಬಂದಾಗ ಎಡಗಡೆಯಿಂದ ಸ್ಕೂಟರ್ ಬಂತು. ನಿನ್ನ ಸೀರೆಗೆ ತಾಗಿಯೇ ಹೋದದ್ದು. ನೀನು ನೋಡ್ಲೇ ಇಲ್ಲ. ಹಾರ್ನ್ ಹಾಕಿದ್ದು ಕೇಳಿ ಬಲಕ್ಕೆ ತಿರುಗಿದಿ. ಅಷ್ಟು ಹತ್ತಿರದ ಸ್ಕೂಟರ್ ಕಾಣದವಳು ಬೆಳಿಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ನೋಡಿದ್ರೆ, ಉಳಿದ ಅರ್ಧವೂ ಹೋದ್ರೆ? ನಾನು ಎಂತ ಮಾಡ್ಲಿ?"

ಸ್ಕೂಟರಿನ ವಿಷಯ ಹರಿಣಾಕ್ಷಿಗೆ ಗೊತ್ತೇ ಇರಲಿಲ್ಲ. ಅವನು ಇಷ್ಟು ದಿನ ಅದನ್ನು ಒಬ್ಬನೇ ಇಟ್ಟುಕೊಂಡಿದ್ದ. ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಅದರ ಮೊನೆ ಮುರಿಯಿತು.

"ನೋಡಿದ್ರೆ ಹೋಗುವುದಿಲ್ಲ. ಡಾಕ್ಟರ ಹತ್ರ ಕೇಳಿದ್ದೇನೆ. ಬೇಕಿದ್ರೆ ನೀವೂ ಕೇಳಿ" ಎಂದಳು. "ಈಗ ಇಲ್ಲಿ ಬಂದು ಕೂರಿ."

ಅವನು ಲ್ಯಾಪ್‌ಟಾಪಿನ ಎದುರು ಕೂತ.

"ನಿಮ್ಮ ತಲೆಯ ಹಿಂದೆ ಈಗ ಎಂತ ಕಾಣ್ತದೆ?"

"ಹಿಂದೆ ಕಾಣುವುದು ಹೇಗೆ?"

"ಕಪ್ಪು ಕಾಣ್ತದಾ?"

ಅವನು ನಿಜವಾಗಿಯೂ ಯೋಚಿಸಿದ. "ಇಲ್ಲ. ಕಪ್ಪೂ ಇಲ್ಲ. ಎಂತದೂ ಇಲ್ಲ."

"ನನ್ನ ಎಡಗಡೆ ಹಾಗೆ ಉಂಟು. ಕತ್ತಲೆ ಅಲ್ಲ. ಅದಕ್ಕೇ ಅಲ್ಲಿ ಎಂತದಾದ್ರೂ ಉಂಟಾ ಅಂತ ನೋಡುವ ನೆನಪೇ ಬರುವುದಿಲ್ಲ. ಆ ನೆನಪನ್ನು ಈಗ ಕಲೀತಾ ಇದ್ದೇನೆ." ಅವಳು ಕೀ ಒತ್ತಿದಳು. ಸಾಲು ಸರಿದು ಎಡದಿಂದ ನಿಘಂಟು ಬಂದು ನಿಂತಿತು. ಅವಳ ಕಣ್ಣು ಕೆಂಪು ಗೆರೆಯವರೆಗೆ ಹೋಗಿ, ಅಲ್ಲಿಂದ ಓದಲು ಶುರು ಮಾಡಿತು. ಆಮೇಲೆ ಕನ್ನಡದ ವಿಂಡೋಗೆ ಬಂದು ಒಂದು ಪುಟವನ್ನು ಅವಳು ಗಟ್ಟಿಯಾಗಿ, ಎಲ್ಲೂ ತಪ್ಪದೆ ಓದಿದಳು.

ಧನರಾಜ್ ತಾನೇ ಕೀ ಒತ್ತಿ ನೋಡಿದ. "ಈಗ ಇದ್ದದ್ದು ಎಲ್ಲಿ ಹೋಯ್ತು?"

"ಬಲಕ್ಕೆ. ಹೊರಗೆ."

"ಹೌದಾ! ಅಲ್ಲೇ ಉಂಟಾ ಇನ್ನೂ?" ವಾಪಸ್ ತಂದ. ಮತ್ತೆ ಕಳಿಸಿದ. ಅಗಲ ಮಾಡಿದ, ಸಪೂರ ಮಾಡಿದ. ಸಂಜೆಯ ಚಹಾ ಆರಿಹೋಗುವವರೆಗೆ ಅವನು ಏಳಲಿಲ್ಲ. ಮರುದಿನ ಮನೋರಮಾಗೆ ಫೋನ್ ಮಾಡಿದವನೂ ಅವನೇ. ಮೊದಲು ಹೇಳಿದ್ದು ತನ್ನ ತಪ್ಪೆಂದು ಹೇಳಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

ಕೃಷ್ಣಕುಮಾರರು ಬೇಸರಿಸಲಿಲ್ಲ. ಅನುವಾದ ಅವರೇ ಮಾಡಲಿ, ಕರಡು ನಾನು ನೋಡುತ್ತೇನೆ ಎಂದರು. ಅದು ಒಳ್ಳೆಯದೇ ಆಯಿತು, ಯಾಕೆಂದರೆ ಮೊದಲ ಅಧ್ಯಾಯದಲ್ಲಿ ಎರಡು ಕಡೆ ಸಾಲಿನ ಶುರುವಿನ ಪದ ಬಿಟ್ಟುಹೋದದ್ದನ್ನು ಅವರು ಹಿಡಿದರು. ಒಂದು ಕಡೆ "ಇಲ್ಲ" ಎಂಬುದೇ ಬಿಟ್ಟುಹೋಗಿ, ಕೀಟಗಳನ್ನು ಹಿಡಿಯದ ಗಿಡವೊಂದು ಹಿಡಿಯುವ ಗಿಡವಾಗಿತ್ತು. ಹರಿಣಾಕ್ಷಿ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿದಳು. ಮೊದಲಿನಷ್ಟು ಬೇಗ ಕೆಲಸ ಸಾಗುತ್ತಿರಲಿಲ್ಲ. ಕೆಲವು ದಿನ ಒಂದೇ ಪುಟಕ್ಕೆ ತಲೆ ಸಿಡಿಯುತ್ತಿತ್ತು. ಆದರೂ ಪುಸ್ತಕ ಮುಗಿಯಿತು. ಹೊಸ ಶೈಕ್ಷಣಿಕ ವರ್ಷಕ್ಕೆ ಶಾಲೆ ತೆರೆಯುವಾಗ ಅವಳೂ ಹೋದಳು, ಮಕ್ಕಳೆಲ್ಲ ತನ್ನ ಬಲಕ್ಕೆ ಬರುವಂತೆ ಮೇಜನ್ನು ತರಗತಿಯ ಎಡಮೂಲೆಗೆ ಎಳೆಸಿಕೊಂಡಳು.

ಆ ಮಳೆಗಾಲದ ಒಂದು ಭಾನುವಾರ ಅವಳು ಹೊಸ ಪುಸ್ತಕವೊಂದರ ಪುಟಗಳನ್ನು ಸರಿಸುತ್ತಿದ್ದಳು. ಕಣ್ಣು ನೆಟ್ಟಿದ್ದದ್ದು ನಡುವಿನ ವಿಂಡೋದಲ್ಲಿ. ಇದ್ದಕ್ಕಿದ್ದ ಹಾಗೆ ಎಡಗಡೆ ಏನೋ ಹೋಯಿತು ಎನಿಸಿತು. ಕಂಡದ್ದಲ್ಲ. ಬಣ್ಣವಿಲ್ಲ, ಆಕಾರವಿಲ್ಲ. ಕೋಣೆಯೊಳಗೆ ಯಾರೋ ಬಂದರೆ ತಿರುಗದೆಯೇ ಗೊತ್ತಾಗುತ್ತದಲ್ಲ, ಹಾಗೆ. ಮುಖ ತಿರುಗಿಸಿದಾಗ ಒಂದು ವಿಂಡೋ ಎಡಕ್ಕೆ ಸರಿದು ಅಂಚಿನಲ್ಲಿ ನಿಂತಿತ್ತು.

"ಇವರೇ, ಸ್ವಲ್ಪ ಬನ್ನಿ" ಎಂದು ಕರೆದಳು.

ಧನರಾಜ್ ಬಂದ. ಅವಳು ನಡುವಿಗೆ ಹೊಸ ಬೊಟ್ಟು ಅಂಟಿಸಿ, ಹಿನ್ನೆಲೆ ಕಪ್ಪು ಮಾಡಿ, ಎಡದ ಅರ್ಧದಲ್ಲಿ ಮಾತ್ರ ಬಿಳಿ ವಿಂಡೋ ಓಡಾಡುವಂತೆ ಸಪೂರ ಮಾಡಿ ಕೊಟ್ಟಳು. "ನಿಮಗೆ ಮನಸ್ಸು ಬಂದಾಗ ಇದನ್ನು ಸರಿಸಿ. ಮಧ್ಯೆ ಮಧ್ಯೆ ಸುಮ್ಮನೆ ಬೇರೆ ಕೀ ಒತ್ತಿ, ಇಲ್ಲದಿದ್ರೆ ಶಬ್ದ ಕೇಳಿ ನನಗೆ ಗೊತ್ತಾಗ್ತದೆ."

ಅವನು ಬೇರೆ ಕೀ ಒತ್ತಿದ. ಅವಳು ಸುಮ್ಮನಿದ್ದಳು. ಆಮೇಲೆ ವಿಂಡೋ ಸರಿಸಿದ.

"ಈಗ" ಎಂದಳು.

ಅವನು ಅವಳ ಮುಖ ನೋಡಿದ. ಅವಳ ಕಣ್ಣು ಬೊಟ್ಟಿನಲ್ಲೇ ಇತ್ತು. ಇನ್ನೊಮ್ಮೆ ಸುಮ್ಮನೆ ಬೇರೆ ಕೀ ಒತ್ತಿದ. ಅವಳು ಮಾತಾಡಲಿಲ್ಲ. ಸರಿಸಿದ.

"ಈಗ."

ಒಂದೆರಡು ಸಲ ತಪ್ಪಿತು. ಆದರೆ ಹೆಚ್ಚಿನ ಸಲ ಸರಿಯೇ ಇತ್ತು, ಊಹೆ ಎಂದು ತಳ್ಳಿಹಾಕಲಾರದಷ್ಟು. ಧನರಾಜ್ ಕೈ ತೆಗೆದ.

"ಕಾಣ್ತದಾ ಹಾಗಾದ್ರೆ?"

"ಇಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?"

"ಅದೇ ನನಗೂ ಗೊತ್ತಿಲ್ಲ."

ಮುಂದಿನ ಸಲ ಮಂಗಳೂರಿಗೆ ಹೋದಾಗ ಡಾಕ್ಟರ ಹತ್ತಿರ ಇದನ್ನು ಹೇಳಿದರು. ಕೆಲವರಿಗೆ ಹಾಗೆ ಆಗುವುದುಂಟು ಎಂದರು ಅವರು. ವಸ್ತು ಕಾಣದಿದ್ದರೂ ಅದರ ಚಲನೆ ಬೇರೆ ದಾರಿಯಿಂದ ಮಿದುಳಿಗೆ ಮುಟ್ಟುವುದುಂಟಂತೆ. ಅದು ಬೆಳೆಯುತ್ತದೆ ಎಂದು ಮಾತು ಕೊಡಲಾರೆ, ಬೆಳೆಯುವುದಿಲ್ಲ ಎಂದೂ ಹೇಳಲಾರೆ ಎಂದರು. ನೋಟದ ಪರೀಕ್ಷೆಯ ಚಿತ್ರದಲ್ಲಿ ಎಡದ ಅರ್ಧ ಮೊದಲಿನಂತೆಯೇ ಕಪ್ಪಾಗಿತ್ತು.

ವಾಪಸ್ ಬರುವ ರೈಲಿನಲ್ಲಿ ಇಬ್ಬರೂ ಅದನ್ನೇ ಮಾತಾಡಿದರು. ಮನೆಗೆ ಬಂದು ಬಟ್ಟೆ ಬದಲಿಸುವ ಮೊದಲೇ ಹರಿಣಾಕ್ಷಿ ನಿಶ್ಮಿತಾಳಿಗೆ ಫೋನ್ ಮಾಡಿದಳು.

"ವಿಂಡೋ ಸರಿಯುವ ವೇಗ ಉಂಟಲ್ಲ, ಅದನ್ನು ಕಡಿಮೆ ಮಾಡ್ಲಿಕ್ಕೆ ಆಗ್ತದಾ? ತುಂಬ ನಿಧಾನಕ್ಕೆ ಹೋದ್ರೂ ನನಗೆ ಗೊತ್ತಾಗ್ತದಾ ಅಂತ ನೋಡ್ಬೇಕು."

"ಆಗ್ತದೆ ಟೀಚರ್. ಅದೇ ಫೈಲಿನಲ್ಲಿ, ಕೆಳಗೆ."

"ಹೇಳು, ಬರೀತೇನೆ" ಎಂದಳು. ಧನರಾಜ್ ಆಗಲೇ ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತು, ಕೀಗಳ ಮೇಲೆ ಬೆರಳಿಟ್ಟಿದ್ದ.